ಐದು ಗಂಟೆಯ ಫೋನು

ಹತ್ತನೆಯ ಇಯತ್ತೆಯ ಮಕ್ಕಳನ್ನು ನಸುಕಿನ ಐದಕ್ಕೆ ಫೋನು ಮಾಡಿ ಎಬ್ಬಿಸಬೇಕು ಎಂಬ ಪದ್ಧತಿ ನಮ್ಮ ಶಾಲೆಯಲ್ಲಿ ಶುರುವಾದಾಗ ನಾನು ಅಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಲಕಮನಹಳ್ಳಿಯ ಕಾರ್ಖಾನೆಗಳ ಹಿಂಬದಿಗೆ ಇದ್ದ ಸಣ್ಣ ಸರಕಾರಿ ಪ್ರೌಢಶಾಲೆ ಅದು. ಹಿಂದಿನ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ತಾಲೂಕಿನ ಪಟ್ಟಿಯ ತಳಕ್ಕೆ ಹೋಗಿ ಕುಳಿತಿದ್ದೆವು. ಹೆಡ್‌ಮಾಸ್ತರರು ಮೇಲಿನವರ ಮೀಟಿಂಗಿನಿಂದ ಮುಖ ಸಣ್ಣದು ಮಾಡಿಕೊಂಡು ಬಂದು, ಚಹಾ ಕೂಡ ಕುಡಿಯದೆ, ಹತ್ತನೆಯ ಇಯತ್ತೆಯ ಮಕ್ಕಳನ್ನು ನಮ್ಮನಮ್ಮಲ್ಲಿ ಹಂಚಿಬಿಟ್ಟರು.

“ಎಬ್ಬಸೂದಷ್ಟ ನಮ್ಮ ಕೈಯಾಗ ಐತ್ರಿ. ಎದ್ದ ಮ್ಯಾಲ ಓದ್ತಾರೋ ಬಿಡ್ತಾರೋ, ದೇವರಿಗೇ ಗೊತ್ತು,” ಅಂದರು.

ನನ್ನ ಪಾಲಿಗೆ ಹತ್ತು-ಹನ್ನೆರಡು ಮಕ್ಕಳು ಬಂದರು. ನಾನು ಐದಕ್ಕೆ ಎಲ್ಲರ ಮನೆಗೂ ಒಂದೊಂದು ರಿಂಗು ಕೊಟ್ಟು ಎಬ್ಬಿಸಿ, ಒಲೆಯ ಮೇಲೆ ಚಹಾಕ್ಕೆ ಇಟ್ಟು, ಅಡುಗೆಮನೆಯ ಕಟ್ಟೆಗೆ ಆತು ನಿಂತು, ಎದ್ದರೋ ಇಲ್ಲವೋ ಎಂದು ಕೇಳಲು ಮತ್ತೆ ಒಂದೊಂದೇ ನಂಬರು ಒತ್ತುತ್ತಿದ್ದೆ. ನಾನು ಹುಟ್ಟಿದ್ದು ಹುಬ್ಬಳ್ಳಿಯ ಕಾಳಿನ ವ್ಯಾಪಾರಿಗಳ ಮನೆಯಲ್ಲಿ. ಪರೀಕ್ಷೆಯ ದಿನಗಳಲ್ಲಿ ನನ್ನನ್ನು ಎಬ್ಬಿಸಬಾರದೆಂದು ಅವ್ವ ಹಿತ್ತಲ ಬಾಗಿಲಿನ ಚಿಲಕವನ್ನೂ ಸದ್ದಿಲ್ಲದೆ ತೆಗೆಯುತ್ತಿದ್ದಳು. ಆದ್ದರಿಂದ ಐದು ಗಂಟೆಗೆ ಬಡವರ ಮನೆಗಳು ಹೇಗೆ ಸದ್ದು ಮಾಡುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಆ ಚಳಿಗಾಲ ಗೊತ್ತಾಯಿತು.

ಒಂದು ಮನೆಯಲ್ಲಿ ಫೋನು ಎತ್ತಿದೊಡನೆ ಕೊಡಗಳ ಸದ್ದು. ನಳ ಬರುವುದು ವಾರಕ್ಕೊಮ್ಮೆ. ಬಂದ ದಿನ ಆ ಓಣಿಯ ಯಾವ ಹುಡುಗನೂ ಪುಸ್ತಕ ಮುಟ್ಟುವಂತಿರಲಿಲ್ಲ. ಇನ್ನೊಂದು ಕಡೆ ಯಾರೋ ಮುದುಕರ ಕೆಮ್ಮು, ಕೆಮ್ಮಿನ ನಡುವೆ “ಎದ್ದೇನ್ರಿ ಟೀಚರ್” ಅನ್ನುವ ಹುಡುಗನ ದನಿ. ಮತ್ತೊಬ್ಬನ ಫೋನಿನಲ್ಲಿ ಬರೀ ಗಾಳಿ. “ನಾ ಆಗಲೇ ಎದ್ದ ಹಾಲ ಹಾಕಾಕ ಬಂದೇನ್ರಿ, ಸೈಕಲ್ ಮ್ಯಾಲ ಅದೇನ್ರಿ,” ಎಂದು ಕೂಗುತ್ತಿದ್ದ. ರಾತ್ರಿ ಪಾಳಿಯ ಕಾವಲುಗಾರನೊಬ್ಬ ತನ್ನ ಮಗಳ ಬದಲು ತಾನೇ ಎತ್ತಿ, “ಫೋನ್ ನನ್ನ ಹತ್ರ ಐತ್ರಿ ಬಾಯಾರ, ಮನ್ಯಾಗ ಯಾರ ಹತ್ರಾನೂ ಇಲ್ಲ,” ಅನ್ನುತ್ತಿದ್ದ. ಅಂಕಪಟ್ಟಿ ನೋಡಿ ದಡ್ಡರು ಎಂದುಕೊಂಡಿದ್ದ ಮಕ್ಕಳು ಎಂಥ ಸದ್ದಿನ ನಡುವೆ ಓದುತ್ತಾರೆ ಎಂದು ಆ ಫೋನಿನಿಂದಲೇ ನನಗೆ ತಿಳಿದದ್ದು.

ಆ ಮಕ್ಕಳಲ್ಲಿ ಒಬ್ಬಳನ್ನು ಎಬ್ಬಿಸುವ ಅಗತ್ಯವೇ ಇರಲಿಲ್ಲ. ಇಡೀ ಶಾಲೆಯ ಆಸೆ ಅವಳ ಮೇಲಿತ್ತು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ, ತೆಳ್ಳಗಿನ, ಉದ್ದ ಕುತ್ತಿಗೆಯ ಹುಡುಗಿ. ಅವಳ ತಂದೆ ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದವನು, ಅವಳು ಏಳನೆಯ ಇಯತ್ತೆಯಲ್ಲಿದ್ದಾಗ ಕಾಮಾಲೆಯಿಂದ ತೀರಿಕೊಂಡಿದ್ದ. ತಾಯಿ ಹತ್ತಿರದ ಪ್ಲಾಸ್ಟಿಕ್ ಡಬ್ಬಿ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಆದರೂ ಕನ್ನಡದ ನಿಬಂಧದಲ್ಲಿ ಅವಳದೇ ಮೊದಲ ನಂಬರು. ಬೆಳಕಿನ ಪಾಠ ಮಾಡುತ್ತಿದ್ದಾಗ ಒಮ್ಮೆ ಎದ್ದು ನಿಂತು ಕೇಳಿದ್ದಳು:

“ಟೀಚರ್, ಕನ್ನಡಿಯೊಳಗ ಎಡಕ್ಕಿದ್ದದ್ದು ಬಲಕ್ಕ ಕಾಣತೈತಿ. ಹಂಗಾರ ಮ್ಯಾಲಿಂದು ಕೆಳಗ ಯಾಕ ಕಾಣೂದಿಲ್ರಿ?”

ಇಪ್ಪತ್ತು ವರ್ಷ ಆ ಪಾಠ ಮಾಡಿದ್ದರೂ ನನಗೆ ಯಾರೂ ಅದನ್ನು ಕೇಳಿರಲಿಲ್ಲ. “ನಾಳಿ ಹೇಳತೇನಿ ಕೂಡು,” ಎಂದು ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಯೋಚಿಸಿದ್ದೆ. ಹೆಡ್‌ಮಾಸ್ತರರಂತೂ ಅವಳನ್ನು ಕಂಡಾಗಲೆಲ್ಲ, “ಈ ವರ್ಷ ನಮ್ಮ ಸಾಲಿ ಮಾನ ನಿನ್ನ ಕೈಯಾಗ ಐತಿ ನೋಡವಾ,” ಅನ್ನುತ್ತಿದ್ದರು. ಅವಳು ನಕ್ಕು ತಲೆ ತಗ್ಗಿಸುತ್ತಿದ್ದಳು.

ಸಂಕ್ರಮಣ ಮುಗಿದ ಮೇಲೆ ಆ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಎರಡು ದಿನ ನೋಡಿ, ಮೂರನೆಯ ದಿನ ಐದು ಗಂಟೆಯ ಫೋನಿನಲ್ಲಿ ತಾಯಿಯನ್ನು ಕೇಳಿದೆ.

“ಮೈಯಾಗ ಆರಾಮಿಲ್ರಿ ಅಕ್ಕೋರ. ಮೈತುಂಬ ಗುಳ್ಳಿ ಎದ್ದಾವ. ಹೊರಗ ಕಳಸಬ್ಯಾಡ ಅಂದಾರ್ರಿ ಡಾಕ್ಟರು.”

“ಓದೂದು?”

“ಓದಾಕತ್ತಾಳ್ರಿ. ನೀವ ಕೇಳ್ರಿ ಬೇಕಾರ.”

ಫೋನನ್ನು ಬಹುಶಃ ಕೈ ಚಾಚಿ ಹಿಡಿದಳು. ದೂರದಿಂದ ಒಂದು ದನಿ ಬಂತು, ಗಟ್ಟಿಯಾಗಿ, ಒಂದೇ ಸಮನೆ ಓದುವ ದನಿ. ಇತಿಹಾಸದ ಪಾಠ. ನನಗೆ ಸಮಾಧಾನವಾಯಿತು. ಅವಳಿಗೆ ಕೊಡು ಎಂದರೆ, “ನಡಬರಕ ಬಿಡಸಬ್ಯಾಡ್ರಿ ಅಕ್ಕೋರ, ಒಂದ ಸಲ ಕುಂತಾಳಂದ್ರ ಹಂಗ ಓದಲಿ,” ಅಂದಳು. ನಾನು ಒಪ್ಪಿಕೊಂಡು ಫೋನಿಟ್ಟೆ.

ಆಮೇಲೆ ದಿನವೂ ಅದೇ. ನಾನು ಕೇಳುವ ಮೊದಲೇ ತಾಯಿ, “ಎದ್ದಾಳ್ರಿ, ಓದು ನಡದೈತ್ರಿ,” ಅನ್ನುತ್ತಿದ್ದಳು. ಹಿಂದೆ ಆ ದನಿ. ಕೆಲವು ದಿನ ನಾನು ಫೋನು ಇಡದೆ ಹಾಗೆಯೇ ಕೇಳುತ್ತ ನಿಲ್ಲುತ್ತಿದ್ದೆ. ಚಹಾ ಉಕ್ಕಿ ಒಲೆ ಆರಿದ್ದೂ ಉಂಟು. ಬೇರೆ ಮನೆಗಳ ಸದ್ದುಗದ್ದಲದ ನಂತರ ಆ ಓದು ಕೇಳುವುದು ನನಗೆ ಹಿತವಾಗಿತ್ತು. ದನಿ ಮಾತ್ರ ಸ್ವಲ್ಪ ಸಣ್ಣದಾಗಿದೆ ಅನ್ನಿಸಿ ನನ್ನ ಯಜಮಾನರಿಗೆ ಹೇಳಿದೆ.

“ಜ್ವರ ಬಂದ್ರ ದನಿ ಬೀಳತೈತಿ,” ಅಂದರು ಅವರು ಮಗ್ಗುಲು ಬದಲಿಸುತ್ತ.

ಫೆಬ್ರವರಿಯ ಹೊತ್ತಿಗೆ ಓದು ವಿಜ್ಞಾನಕ್ಕೆ ಬಂತು. ಬೆಳಕಿನ ಅದೇ ಪಾಠ. ಒಂದು ನಸುಕು ಆ ದನಿ “ವಕ್ರೀಭವನ” ಎಂಬ ಶಬ್ದಕ್ಕೆ ಬಂದು ಎಡವಿತು. “ವಕ್ರಿ... ವಕ್ರಿಬಾವ... ನ,” ಅಂದಿತು. ಮತ್ತೆ ಬಂದಾಗ ಮತ್ತೆ ಎಡವಿತು. ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಮುಂದೆ ಕೇಳಿದರೆ ದನಿ ಏನನ್ನೂ ಬಿಡದೆ ಓದುತ್ತಿತ್ತು: “ಚಿತ್ರ ನೋಡಿ” ಎಂದರೆ ಅದನ್ನೂ, ಚಿತ್ರದ ಕೆಳಗಿನ ಬರಹವನ್ನೂ, ಪುಟದ ಅಡಿಯ ಸಂಖ್ಯೆಯನ್ನೂ. ಅರ್ಥ ತಿಳಿದು ಓದುವವರು ಯಾರೂ ಪುಟದ ಸಂಖ್ಯೆ ಓದುವುದಿಲ್ಲ. ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. ನಮ್ಮ ಹುಡುಗಿಯ ಪುಸ್ತಕವನ್ನು, ನಮ್ಮ ಹುಡುಗಿ ಅಲ್ಲದ ಯಾರೋ ಓದುತ್ತಿದ್ದರು.

ಅಂದೇ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಹೆಡ್‌ಮಾಸ್ತರರಿಗೆ ಹೇಳಿ ಅವಳ ಮನೆಗೆ ಹೊರಟೆ. ಕಾರ್ಖಾನೆಯ ಕಂಪೌಂಡ್ ಗೋಡೆಗೆ ಹತ್ತಿದಂತೆ ತಗಡಿನ ಮನೆಗಳ ಸಾಲು. ಬಾಗಿಲು ತೆರೆದೇ ಇತ್ತು. ಒಳಗೆ ಪ್ರಾಥಮಿಕ ಶಾಲೆಯ ಸಮವಸ್ತ್ರದಲ್ಲಿದ್ದ ಒಬ್ಬ ಸಣ್ಣ ಹುಡುಗಿ ಒಲೆಯ ಮುಂದೆ ಕುಳಿತು ಅನ್ನ ಬಸಿಯುತ್ತಿದ್ದಳು. ಶಾಲೆಯ ಹೊತ್ತಿನಲ್ಲಿ ಈಕೆ ಇಲ್ಲೇಕೆ ಎಂದುಕೊಳ್ಳುವಷ್ಟರಲ್ಲಿ ಮೂಲೆಯಿಂದ ತಾಯಿ ಎದ್ದು ಬಂದಳು. ಬಲಗೈಯನ್ನು ಸೆರಗಿನ ಕೆಳಗೆ ಮುಚ್ಚಿಕೊಂಡಿದ್ದಳು. ಸೆರಗು ಸರಿದಾಗ ಮೊಳಕೈವರೆಗೆ ಕಟ್ಟಿದ ಬ್ಯಾಂಡೇಜು ಕಂಡಿತು.

“ಬರ್ರಿ ಅಕ್ಕೋರ,” ಅಂದಳು. ಮುಖ ಬಿಳುಚಿತ್ತು.

“ಎಲ್ಲಿ ಆಕಿ?”

ತಾಯಿ ಸೆರಗನ್ನು ಮತ್ತೆ ಕೈಮೇಲೆ ಎಳೆದುಕೊಂಡಳು. ಒಲೆಯ ಮುಂದಿನ ಹುಡುಗಿ, ಅವಳ ತಂಗಿ, ನನ್ನ ಕಡೆ ತಿರುಗಿ, “ಆಪಾ ಕೆಲಸಕ್ಕ ಹೋಗ್ಯಾಳ್ರಿ,” ಅಂದಳು.

ಮೂರು ವಾರ ನಾನು ಕೇಳಿಸಿಕೊಂಡ ದನಿ ಅದು. ನನ್ನ ಎದುರಿಗೆ, ಅನ್ನದ ಗಂಜಿಯ ಹಬೆಯ ಹಿಂದೆ, ಆರನೆಯ ಇಯತ್ತೆಯ ಒಂದು ಕೂಸಿನ ಬಾಯಿಂದ ಬಂತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುಳಿತೆ.

ತಾಯಿ ನಿಧಾನವಾಗಿ ಎಲ್ಲ ಹೇಳಿದಳು. ಸಂಕ್ರಮಣದ ಹಿಂದಿನ ದಿನ ಅವಳ ಕೈ ಮಶೀನಿನಲ್ಲಿ ಸಿಕ್ಕಿತ್ತು. ಸತ್ತೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಎರಡು ಬೆರಳು ಉಳಿಯುವುದು ಕಷ್ಟ ಎಂದು ಹೇಳಿ, ಕೊನೆಗೆ ಉಳಿಸಿ ಕಳಿಸಿದ್ದರು. ಆದರೆ ಕೈ ನೆಟ್ಟಗಾಗುವವರೆಗೆ ಕಾರ್ಖಾನೆಯವರು ಕಾಯುವುದಿಲ್ಲ.

“ನಿನ್ನ ಜಾಗಾದಾಗ ಮನಿಯವ್ರ ಯಾರರ ಬಂದ್ರ ಜಾಗಾ ಇರತೈತಿ, ಇಲ್ಲಾಂದ್ರ ಬ್ಯಾರೇದವ್ರನ್ನ ಹಚ್ಚತೇವಿ ಅಂದ್ರ್ರಿ. ಮನಿಯವ್ರು ಅಂದ್ರ ಮತ್ಯಾರದಾರ್ರಿ ನನಗ? ಆಕೀನ ಹೊಂಟ್ಲು. ನಾ ಕಳಸಲಿಲ್ರಿ, ಖರೇ ಹೇಳತೇನಿ. ತಾನ ನನ್ನ ಏಪ್ರನ್ ಹಾಕ್ಕೊಂಡ ಹೊಂಟ ನಿಂತ್ಲು.”

“ಮತ್ತ ನನಗ ಯಾಕ ಸುಳ್ಳ ಹೇಳಿದ್ರಿ?”

“ಪೂರಾ ಸುಳ್ಳಲ್ರಿ ಅಕ್ಕೋರ,” ಅಂದಳು. “ನೀವು ಫೋನ್ ಮಾಡುವಾಗ ಆಕಿ ಇಲ್ಲೇ ಇರತಿದ್ಲು. ಅಲ್ಲೇ, ಒಲಿ ಮುಂದ. ರೊಟ್ಟಿ ಬಡೀತಾ ಕೇಳತಿದ್ಲು. ಇಕಿ ಓದತಿದ್ಲು. ಸಂಜೀಕೂ ಹಂಗ. ಬಂದ ಕೂಡಲೆ ಅಡ್ಡ ಆಗತಾಳ್ರಿ, ಕಣ್ಣ ತೆರೀಲಾಕ ಆಗೂದಿಲ್ಲ. ಇಕಿ ಬಾಜೂಕ ಕುಂತ ಓದತಾಳ. ನನಗ ನಿದ್ದಿ ಹತ್ತಿದ್ರೂ ನೀ ಓದೂದ ಬಿಡಬ್ಯಾಡ, ಕಿವ್ಯಾಗ ಬೀಳತಿರಲಿ ಅಂದಾಳ್ರಿ.”

ಅಲ್ಲಿಂದ ಎದ್ದು ಕಾರ್ಖಾನೆಯ ಗೇಟಿಗೆ ಹೋಗಿ ನಿಂತೆ. ಮಧ್ಯಾಹ್ನದ ಊಟಕ್ಕೆ ಬಿಟ್ಟಿತು. ನೀಲಿ ಏಪ್ರನ್ನು, ತಲೆಗೆ ಬಲೆಯ ಟೋಪಿ ಹಾಕಿದ ಹೆಂಗಸರು ಗುಂಪಾಗಿ ಬಂದರು. ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಹಿಂದಿನಿಂದ ಒಬ್ಬಾಕೆ ಯಾರನ್ನೋ ಹೆಸರು ಹಿಡಿದು ಕೂಗಿದಳು. ಅದು ನಾನೀಗಷ್ಟೇ ಮನೆಯಲ್ಲಿ ಬಿಟ್ಟು ಬಂದ ತಾಯಿಯ ಹೆಸರು. ಆ ಹೆಸರಿಗೆ ತಿರುಗಿ ನೋಡಿದವಳು ನಮ್ಮ ಹುಡುಗಿ.

ನನ್ನನ್ನು ಕಂಡು ಟೋಪಿ ತೆಗೆದಳು. ಶಾಲೆಯಲ್ಲಿ ಹೊರಗೆ ಹೋಗಲು ಅನುಮತಿ ಕೇಳುವಾಗ ನಿಲ್ಲುತ್ತಿದ್ದ ಹಾಗೆಯೇ ಕೈ ಕಟ್ಟಿ ನಿಂತಳು.

“ಮನಿಗೆ ಹೋಗಿದ್ರೇನ್ರಿ ಟೀಚರ್?”

“ಹೋಗಿದ್ನಿ. ಇಲ್ಲೆ ನಿನ್ನ ನಿಮ್ಮಮ್ಮನ ಹೆಸರಲೆ ಕರೀತಾರೇನ?”

“ಹೌದ್ರಿ. ಕಾರ್ಡಿನ ಮ್ಯಾಲ ಅದ ಹೆಸರೈತ್ರಿ. ನನಗ ಇನ್ನೂ ವಯಸ್ಸ ಆಗಿಲ್ಲಲ್ರಿ, ನನ್ನ ಹೆಸರಲೆ ತಗೊಳ್ಳಾಕ ಬರೂದಿಲ್ಲ. ಮೊದಮೊದಲ ಕರದ್ರ ತಿರುಗತಿದ್ದಿಲ್ರಿ ನಾ. ಈಗ ರೂಢಿ ಆತು.”

ನಾಳೆಯಿಂದಲೇ ಶಾಲೆಗೆ ಬಾ ಎಂದೆ. ನಾವೆಲ್ಲ ಸೇರಿ ಏನಾದರೂ ಮಾಡುತ್ತೇವೆ ಎಂದೆ. ಅವಳು ತಾಳ್ಮೆಯಿಂದ ಕೇಳಿದಳು. ಆಮೇಲೆ ನಾನು ಎಣಿಸಿಯೇ ಇರದ ಮಾತು ಹೇಳಿದಳು.

“ಟೀಚರ್, ನೀವು ಫೋನ್ ಮಾಡೂದ ಮಾತ್ರ ಬಿಡಬ್ಯಾಡ್ರಿ. ನಿಮ್ಮ ಮೊದಲನೇ ರಿಂಗಿಗೇ ನಮಗ ಎಚ್ಚರ ಆಗೂದು. ಆರಕ್ಕ ಗೇಟ್ ಹಾಕ್ತಾರ್ರಿ. ಒಂದ್ ಚೂರು ತಡಾ ಆದ್ರೂ ಒಳಗ ಬಿಡೂದಿಲ್ಲ.”

ಓದಲಿ ಎಂದು ನಾನು ಮೂರು ವಾರ ಮಾಡಿದ ಫೋನು ಅವಳನ್ನು ಕಾರ್ಖಾನೆಗೆ ಎಬ್ಬಿಸುತ್ತಿತ್ತು. ಅವಳು ಹೊಟ್ಟೆ ಹಸಿದಿದೆ ಎಂದು ಹೇಳಿ ಮನೆಯ ಕಡೆ ನಡೆದಳು.

ಮರುದಿನ ಹೆಡ್‌ಮಾಸ್ತರರೂ ನಾನೂ ಕಾರ್ಖಾನೆಗೆ ಹೋದೆವು. ಮೇಲ್ವಿಚಾರಕ ಮರ್ಯಾದೆಯಿಂದಲೇ ಕೂರಿಸಿ ಚಹಾ ತರಿಸಿದ. ನಾವು ಹುಡುಗಿಯ ಹೆಸರು ಹೇಳಿದೆವು.

“ಅಂಥಾ ಹುಡಿಗಿ ನಮ್ಮಲ್ಲೆ ಯಾರೂ ಇಲ್ರಿ ಸರ್,” ಅಂದ.

“ನಿನ್ನೆ ಗೇಟಿನ್ಯಾಗ ನಾನ ನೋಡೇನ್ರಿ,” ಅಂದೆ.

“ನೋಡಿರಬೇಕ್ರಿ. ಆದ್ರ ಆ ಹೆಸರಿನವ್ರು ಇಲ್ರಿ. ಹದಿನೆಂಟಕ್ಕಿಂತ ಕಡಿಮಿ ಇದ್ದವ್ರನ್ನ ನಾವು ತಗೊಳ್ಳೂದೇ ಇಲ್ಲ.”

ಕಿಟಕಿಯ ಗಾಜಿನಾಚೆ ನಮ್ಮ ಹುಡುಗಿ ಮಶೀನಿನ ಮುಂದೆ ನಿಂತು ಡಬ್ಬಿಗಳ ಅಂಚು ಕೆರೆಯುತ್ತಿದ್ದಳು. ನಾವು ಮೂವರೂ ಅವಳನ್ನು ನೋಡುತ್ತಿದ್ದೆವು. ಅವಳು ಅಲ್ಲಿಲ್ಲ ಎಂದು ಆತ ನಗುನಗುತ್ತ ಹೇಳುತ್ತಿದ್ದ.

ಸಂಬಂಧಪಟ್ಟವರಿಗೆ ಬರೆದುಬಿಡುವುದೆಂದು ಹೆಡ್‌ಮಾಸ್ತರರು ಸಿಟ್ಟಿನಿಂದ ಎದ್ದರು. ಸಂಜೆಯೊಳಗೆ ಸುದ್ದಿ ಹೇಗೋ ಮುಟ್ಟಿ ತಾಯಿ ಶಾಲೆಗೆ ಓಡಿಬಂದಳು. ಬಂದವಳು ಬಾಗಿಲಲ್ಲೇ ನಿಂತು ಅತ್ತಳು.

“ಬರೀಬ್ಯಾಡ್ರಿ ಸರ್. ಆಕಿನ್ನ ಬಿಡಸ್ತಾರ, ನನ್ನೂ ಬಿಡಸ್ತಾರ. ಈ ಕೈಲೆ ಮತ್ತ ಯಾರ ಕೊಡತಾರ್ರಿ ಕೆಲಸಾ? ಕೈ ನೆಟ್ಟಗಾದ ದಿನಾನ ಆಕಿನ್ನ ನಿಮ್ಮ ಸಾಲಿಗೆ ನಾನ ತಂದ ಬಿಡತೇನ್ರಿ.”

ಹೆಡ್‌ಮಾಸ್ತರರು ಪೆನ್ನಿನ ಮುಚ್ಚಳ ಹಾಕಿದರು. ನಾವು ಶಿಕ್ಷಕರು ಕೂಡಿ ಆ ಮನೆಗೆ ಅಕ್ಕಿ, ಬೇಳೆ ಮುಟ್ಟಿಸಿದೆವು. ತಂಗಿಯ ಶಾಲೆಗೆ ಹೋಗಿ, ಆ ಕೂಸು ಮಧ್ಯಾಹ್ನ ಅಡುಗೆಗೆಂದು ಮನೆಗೆ ಓಡುತ್ತದೆ, ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಬಂದೆ. ಅವಳ ಟೀಚರು, “ಇಕಿ ತರಗತ್ಯಾಗ ಬರೇ ತೂಕಡಸ್ತಾಳ್ರಿ, ಓದಿನ್ಯಾಗ ಭಾಳ ಹಿಂದ ಬಿದ್ದಾಳ,” ಅಂದರು. ಆ ಮನೆಯಲ್ಲಿ ತಾಯಿಯ ಜಾಗದಲ್ಲಿ ಅಕ್ಕ ನಿಂತಿದ್ದಳು, ಅಕ್ಕನ ಜಾಗದಲ್ಲಿ ತಂಗಿ ಕೂತಿದ್ದಳು. ತಂಗಿಯ ಜಾಗ ಖಾಲಿ ಬಿದ್ದಿತ್ತು. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಕ್ಕನಿಗೆ ಸಂಜೆ ಶಾಲೆಗೆ ಬಾ, ಒಬ್ಬಳಿಗೇ ಪಾಠ ಹೇಳುತ್ತೇನೆ ಎಂದೆ. ಕೆಲವು ಸಂಜೆ ಬಂದಳು. ಒಂದು ಗಣಿತ ಬಿಡಿಸುವಷ್ಟರಲ್ಲಿ ತಲೆ ಬೆಂಚಿಗೆ ಒರಗಿ, ಕೈಯಿಂದ ಪೆನ್ಸಿಲು ಜಾರುತ್ತಿತ್ತು. ಎಬ್ಬಿಸಲು ನನಗೆ ಮನಸ್ಸಾಗುತ್ತಿರಲಿಲ್ಲ. ಕತ್ತಲಾಗುವವರೆಗೂ ಕಾದು, ಮನೆಗೆ ಬಿಟ್ಟು ಬರುತ್ತಿದ್ದೆ.

ಮತ್ತು ಪ್ರತಿ ನಸುಕೂ ಐದಕ್ಕೆ ಫೋನು ಮಾಡಿದೆ. ಎಲ್ಲ ತಿಳಿದ ಮೇಲೂ ಮಾಡಿದೆ. ಮಾಡದಿದ್ದರೆ ಅವಳಿಗೆ ಗೇಟು ತಪ್ಪುತ್ತದೆ. ಮಾಡಿದರೆ ನಾನೇ ಅವಳನ್ನು ಗೇಟಿಗೆ ಕಳಿಸಿದಂತೆ. ತಾಯಿ ಈಗ “ಓದಾಕತ್ತಾಳ್ರಿ” ಅನ್ನುತ್ತಿರಲಿಲ್ಲ. “ಎದ್ದೇವ್ರಿ” ಎಂದಷ್ಟೇ ಹೇಳುತ್ತಿದ್ದಳು. ಹಿಂದೆ ತಂಗಿಯ ಓದು ಕೇಳುತ್ತಿತ್ತು, ಅದರ ಹಿಂದೆ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಮೊದಲೂ ಇದ್ದಿರಬೇಕು. ನಾನು ಓದನ್ನು ಮಾತ್ರ ಕೇಳಿಸಿಕೊಂಡಿದ್ದೆ.

ಪರೀಕ್ಷೆ ಬಂತು. ಆ ದಿನಗಳಲ್ಲಿ ತಾಯಿ, ಕೈ ಇನ್ನೂ ಪೂರ್ತಿ ಮಾಯದಿದ್ದರೂ, ಬ್ಯಾಂಡೇಜಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತಾನೇ ಕೆಲಸಕ್ಕೆ ಹೋದಳು. ಹುಡುಗಿ ತೊಳೆದು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಪರೀಕ್ಷಾ ಕೇಂದ್ರಕ್ಕೆ ಬಂದಳು. ಎರಡೇ ತಿಂಗಳಲ್ಲಿ ಆ ಬಟ್ಟೆ ಅವಳ ಮೈಮೇಲೆ ಬೇರೆ ಯಾರದೋ ಹಾಗೆ ಕಾಣುತ್ತಿತ್ತು. ವಿಜ್ಞಾನದ ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಕೇಳಿದೆ.

“ಹ್ಯಾಂಗ ಆತು?”

“ಎಲ್ಲಾ ಕೇಳಿದಂಗ ಇತ್ರಿ ಟೀಚರ್. ಎಲ್ಲೋ ಕೇಳೇನಿ ಅನಸ್ತಿತ್ತು. ಬರ್ಯಾಕ ಹೋದ್ರ ಅಕಿ ದನಿ ಬರತಿತ್ತು, ಶಬ್ದ ಬರತಿದ್ದಿಲ್ಲ.”

ಫಲಿತಾಂಶದಲ್ಲಿ ಅವಳು ಪಾಸಾದಳು. ಎಲ್ಲ ವಿಷಯದಲ್ಲೂ, ಅಂಚಿನ ಮೇಲೆ. ಆ ವರ್ಷ ನಮ್ಮ ಶಾಲೆ ಪಟ್ಟಿಯಲ್ಲಿ ಚೆನ್ನಾಗಿ ಮೇಲೇರಿತ್ತು. ಹೆಡ್‌ಮಾಸ್ತರರು ಪೇಡೆ ಹಂಚಿದರು. ಅವರಿಗೂ ನೋವಿತ್ತು, ಆದರೆ ಬಹಳ ದಿನಗಳ ಮೇಲೆ ಅವರ ಮುಖ ಅರಳಿತ್ತು. “ಪಾಸ್ ಆದ್ಲಲ್ಲ ಬಿಡ್ರಿ,” ಅಂದರು. ಹೌದು, ಪಾಸಾಗಿದ್ದಳು. ಪಾಸಾದವರ ಲೆಕ್ಕದಲ್ಲಿ ಅವಳೂ ಒಂದು ತಲೆ. ಏನೋ ಕಳೆದುಹೋಗಿದೆ ಎಂದು ತೋರಿಸುವ ಕಾಲಮು ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ಹಾಲು ಹಾಕುವ ಹುಡುಗನೂ ಅವಳೂ ಒಂದೇ ದರ್ಜೆಯಲ್ಲಿ ಪಕ್ಕಪಕ್ಕದಲ್ಲಿದ್ದರು. ಅವನು ಸಂತೋಷದಿಂದ ಕುಣಿದ. ಅವಳು ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಪಾಳಿಗೆ ಹೊತ್ತಾಯಿತೆಂದು ಹೋದಳು.

ಕಾಲೇಜಿಗೆ ಹೋಗಲಿಲ್ಲ. ತಾಯಿಗೆ ಬೆರಳು ಮಡಚಲು ಮತ್ತೆ ಬರಲಿಲ್ಲ, ಆದ್ದರಿಂದ ಅಕ್ಕನ ಕೆಲಸ ನಿಲ್ಲಲಿಲ್ಲ.

ಒಂದು ವರ್ಷ ಬಿಟ್ಟು ತಂಗಿ ನಮ್ಮ ಶಾಲೆಗೆ ಎಂಟನೆಯ ಇಯತ್ತೆಗೆ ಬಂದಳು. ಅವಳು ಹಾಜರಿಗೆ “ಬಂದೇನ್ರಿ” ಎಂದು ಮೊದಲ ದಿನ ಹೇಳಿದಾಗ ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಿದೆ; ಫೋನಿನ ಅದೇ ದನಿ. ಮೂರು ವರ್ಷ ಅವಳಿಗೆ ಕಲಿಸಿದೆ. ಎಂಟರಲ್ಲಿ ಹಿಂದಿದ್ದವಳು, ಒಂಬತ್ತರಲ್ಲಿ ಮುಂದೆ ಬಂದಳು. ಅಕ್ಕ ಹಟ ಹಿಡಿದು ಅವಳಿಗೆ ಮನೆಯಲ್ಲಿ ಒಂದು ಕಡ್ಡಿ ಕೆಲಸವನ್ನೂ ಮಾಡಗೊಡುತ್ತಿರಲಿಲ್ಲ. ಹತ್ತಕ್ಕೆ ಬಂದಾಗ ಬೆಳಕಿನ ಪಾಠ ಶುರುವಾಯಿತು. ಓದಲು ಒಬ್ಬೊಬ್ಬರನ್ನೇ ನಿಲ್ಲಿಸುತ್ತಿದ್ದೆ. ಅವಳ ಸರದಿ ಬಂತು. ಎದ್ದು ನಿಂತಳು, ಪುಸ್ತಕ ತೆರೆಯಲಿಲ್ಲ.

ಓದತೊಡಗಿದಳು. ಕಣ್ಣು ಕಿಟಕಿಯ ಹೊರಗಿತ್ತು. ಒಂದು ಶಬ್ದ ತಪ್ಪಲಿಲ್ಲ. “ಚಿತ್ರ ನೋಡಿ” ಅಂದಳು, ಚಿತ್ರದ ಕೆಳಗಿನ ಬರಹ ಹೇಳಿದಳು, ಪುಟದ ಸಂಖ್ಯೆ ಹೇಳಿದಳು. ಮಕ್ಕಳು ನಕ್ಕರು. “ವಕ್ರೀಭವನ” ಬಂದಾಗ ಮಾತ್ರ ಒಂದು ಗಳಿಗೆ ತಡೆದು, ಎಚ್ಚರದಿಂದ, ಸರಿಯಾಗಿ ಉಚ್ಚರಿಸಿದಳು. ತುಂಬಿದ ತರಗತಿಯಲ್ಲಿ, ಹಾಡುಹಗಲಿನಲ್ಲಿ, ಫೋನಿನೊಳಗಿನ ಆ ನಸುಕು ಎದ್ದು ಬಂದು ನನ್ನ ಮುಂದೆ ನಿಂತಿತ್ತು.

“ಸಾಕು, ಕೂಡು,” ಅಂದೆ.

ತರಗತಿ ಬಿಟ್ಟ ಮೇಲೆ ಪ್ರಯೋಗದ ಕೋಣೆಗೆ ಬಂದು ಬಾಗಿಲ ಬಳಿ ನಿಂತಳು.

“ತಪ್ಪ ಆತೇನ್ರಿ ಟೀಚರ್?”

“ಇಲ್ಲವಾ. ಇನ್ನೂ ಎಲ್ಲಾ ನೆನಪೈತೇನ ನಿನಗ?”

“ಮರೀಬೇಕಂದ್ರೂ ಹೋಗೂದಿಲ್ರಿ. ಆವಾಗ ಒಂದೂ ಅರ್ಥ ಆಗತಿದ್ದಿಲ್ಲ. ಈಗ ಅರ್ಥ ಆಗಾಕತ್ತಾವು.” ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ, “ನನಗ ಮನಸಿನ್ಯಾಗ ಓದಾಕ ಬರೂದಿಲ್ರಿ ಟೀಚರ್. ದನಿ ತಗದ ಓದಬೇಕು. ಸುಮ್ಮನ ಓದಿದ್ರ, ಬಾಜೂಕ ಆಪಾ ಮಲಗ್ಯಾಳ, ನಾ ನಿಂದ್ರಿಸಿಬಿಟ್ಟೇನಿ, ಅಕಿಗೆ ಕೇಳಸವಲ್ದು ಅಂತ ಹೆದರಿಕಿ ಆಕ್ಕೈತ್ರಿ. ತಿರುಗಿ ನೋಡಿದ್ರ ಯಾರೂ ಇರೂದಿಲ್ಲ,” ಅಂದಳು.

ನಾನು ಅವಳ ತಲೆಯ ಮೇಲೆ ಕೈ ಇಟ್ಟೆ.

ಪರೀಕ್ಷೆಯಲ್ಲಿ ಅವಳ ತುಟಿ ಅಲ್ಲಾಡುತ್ತಿದ್ದುದಕ್ಕೆ ಮೇಲ್ವಿಚಾರಕರು ಎರಡು ಸಲ ಬೈದರಂತೆ. ಆದರೂ ನಮ್ಮ ಶಾಲೆಯಲ್ಲಿ ಹಿಂದೆಂದೂ ಯಾರಿಗೂ ಬರದಷ್ಟು ಅಂಕ ಅವಳಿಗೆ ಬಂದವು. ಆಗ ಹೊಸ ಹೆಡ್‌ಮಾಸ್ತರರು ಬಂದಿದ್ದರು. ಅವಳ ಫೋಟೋ ಹಾಕಿಸಿ ದೊಡ್ಡ ಬ್ಯಾನರು ಮಾಡಿಸಿ ಶಾಲೆಯ ಗೇಟಿಗೆ ಕಟ್ಟಿಸಿದರು. ಬಡತನದಲ್ಲೂ ಸಾಧನೆ ಎಂದು ಅದರ ಮೇಲೆ ಬರೆಸಿದ್ದರು.

ಆ ದಿನ ಸಂಜೆ ನಾನು ಮನೆಗೆ ಹೊರಟಾಗ ಗೇಟಿನ ಮುಂದೆ ಅಕ್ಕ ನಿಂತಿದ್ದಳು. ಪಾಳಿ ಮುಗಿಸಿ ಬಂದಿದ್ದಳು, ಏಪ್ರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಅಕ್ಕತಂಗಿಯರ ಮುಖ ಒಂದೇ ಅಚ್ಚು. ಅದೇ ಉದ್ದ ಕುತ್ತಿಗೆ. ರಸ್ತೆಯಲ್ಲಿ ಹೋಗುತ್ತಿದ್ದ ಕಾರ್ಖಾನೆಯ ಇಬ್ಬರು ಹೆಂಗಸರು ಬ್ಯಾನರನ್ನೂ ಅವಳನ್ನೂ ನೋಡಿ ನಿಂತರು.

“ಅಯ್ಯ, ನಿಂದ ಫೋಟೋ ಹಾಕ್ಯಾರಲ್ಲ! ಯಾವಾಗ ಬರದಿ ಪರೀಕ್ಷೆ?”

ಅವಳು ನಕ್ಕಳು. ಅಲ್ಲ ಎನ್ನಲಿಲ್ಲ. ಅವರು ಹೋದ ಮೇಲೆ ನನ್ನನ್ನು ಕಂಡಳು.

“ನೀ ಓದಿಸಿದ್ದಕ್ಕ ಬಂದ್ವು ನೋಡು ಅಕಿಗೆ,” ಅಂದೆ.

“ಅಕಿ ಓದಿದ್ದಕ್ಕ ಬಂದ್ವುರಿ,” ಅಂದಳು. ಬ್ಯಾನರಿನ ಕಡೆಗೆ ನೋಡುತ್ತಲೇ ಇದ್ದಳು. “ಟೀಚರ್, ಒಂದ ಮಾತ ಕೇಳ್ಲೇನ್ರಿ? ನಾ ಆ ವರ್ಷ ಸಾಲಿಗೆ ಬಂದಿದ್ರ ನನಗ ಎಷ್ಟ ಬರತಿದ್ವು?”

ನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ಅದನ್ನು ಕೇಳಿರಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಉತ್ತರ ಮೊದಲಿನಿಂದಲೂ ಇತ್ತು, ನಾಲಿಗೆ ತಡೆಯಲಿಲ್ಲ.

“ಇದಕ್ಕಿಂತ ಹೆಚ್ಚಿಗೆ,” ಅಂದೆ.

ಅವಳ ಮುಖ ಬಾಡಿತು. “ಹಂಗ ಅನಬ್ಯಾಡ್ರಿ ಟೀಚರ್,” ಅಂದಳು ಮೆಲ್ಲಗೆ. “ಈಗ ಮನಿಗೆ ಹೋಗಿ ನಾ ಅಕಿ ಮಾರಿ ನೋಡಬೇಕು.”

ಏಪ್ರನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಹೋಗುವಾಗ ತಂಗಿಗೆಂದು ಸಿಹಿ ಕೊಳ್ಳಬೇಕು, ಅಂಗಡಿ ಯಾವುದು ಛಲೋ ಎಂದು ಕೇಳಿದಳು. ನಾನು ಹೇಳಿದೆ. ಹೋದಳು.

ನಾನೀಗ ನಿವೃತ್ತಳಾಗಿದ್ದೇನೆ. ತಂಗಿ ಧಾರವಾಡದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಅಕ್ಕನಿಗೆ ಈಗ ಸ್ವಂತ ಹೆಸರಿನ ಕಾರ್ಡು ಸಿಕ್ಕಿದೆ, ಬೇರೆ ಕಾರ್ಖಾನೆ, ಗೋಕುಲ ರಸ್ತೆಯಲ್ಲಿ. ಈಚೆಗೆ ಮೊಣಕಾಲು ತೋರಿಸಲು ಸತ್ತೂರಿನ ಆಸ್ಪತ್ರೆಗೆ ಹೋದಾಗ ತಾಯಿ ಸಿಕ್ಕಳು. ಚಳಿಗೆ ಬೆರಳು ಸೆಡೆತುಕೊಳ್ಳುತ್ತವೆ ಎಂದು ತೋರಿಸಲು ಬಂದಿದ್ದಳು. ಬೆಂಚಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು ಮಕ್ಕಳ ಸುದ್ದಿ ಕೇಳಿದೆ.

“ಸಣ್ಣಾಕಿ ಈಗೂ ಗಟ್ಟಿಯಾಗೇ ಓದತಾಳ್ರಿ ಅಕ್ಕೋರ. ಬಾಜೂ ಮನಿಯವ್ರು ಬೈತಾರ.”

“ದೊಡ್ಡಾಕಿ?”

“ಕೆಲಸದಿಂದ ಬಂದ ಕುಂಡ್ರತಾಳ್ರಿ. ತಂಗಿ ಹೊರಗ ಹೋದಾಗ ಆಕಿ ಪುಸ್ತಕ ತಗೀತಾಳ. ಓದೂದಿಲ್ರಿ. ಹಾಳಿ ತಿರುವತಾಳ, ಚಿತ್ರ ನೋಡತಾಳ, ಮತ್ತ ಇದ್ದಂಗ ಇಡತಾಳ. ನಾ ಕೇಳೂದಿಲ್ಲ. ಕೇಳಿದ್ರ ಅದನ್ನೂ ಬಿಟ್ಟಾಳಂತ ಹೆದರಿಕಿ.”

ಮತ್ತೇನೋ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು. “ಬರತೇನ್ರಿ ಅಕ್ಕೋರ,” ಎಂದು ಎದ್ದಳು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದುಕೊಂಡು ಒಳಗೆ ಹೋದಳು.